ಸ್ಪೈಡರ್ ಮ್ಯಾನ್ ಎಷ್ಟು ಮಂದಿ? ಮಲ್ಟಿವರ್ಸ್‌ನಲ್ಲಿ ಕಥೆ ಎಷ್ಟು, ವಿಜ್ಞಾನ ಎಷ್ಟು?

ಸಿನಿಮಾ ನೋಡಿ ಬಂದ ಮಗು ರಾತ್ರಿ ಮಲಗುವಾಗ ಕೇಳುತ್ತದೆ: "ಅಪ್ಪಾ, ಬೇರೆ ಭೂಮಿಯಲ್ಲಿ ಇನ್ನೊಬ್ಬ ನಾನು ಇದ್ದೀನಾ?" ನೀವು ಉತ್ತರ ಹುಡುಕುತ್ತಿರುವಾಗಲೇ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಫಾರ್ವರ್ಡ್ ಬಂದು ಬೀಳುತ್ತದೆ. ನಾಸಾ ಸಮಾನಾಂತರ ವಿಶ್ವವನ್ನು ಪತ್ತೆ ಮಾಡಿದೆಯಂತೆ, ಅಲ್ಲಿ ಕಾಲ ಹಿಂದಕ್ಕೆ ಓಡುತ್ತದಂತೆ! ಕೆಳಗೆ ಸ್ಪೈಡರ್ ಮ್ಯಾನ್ ಸಿನಿಮಾದ ಒಂದು ಚಿತ್ರ. ಇನ್ನೇನು ಬೇಕು, ಹತ್ತು ಜನ ಕೈ ಮುಗಿದು ಮುಂದಕ್ಕೆ ಕಳಿಸಿಬಿಡುತ್ತಾರೆ.

ಇದರಲ್ಲಿ ಕಥೆ ಯಾವುದು, ವಿಜ್ಞಾನ ಯಾವುದು, ಶುದ್ಧ ಸುಳ್ಳು ಯಾವುದು? ಮೂರನ್ನೂ ಬೇರೆ ಬೇರೆ ಮಾಡಿ ನೋಡೋಣ. ಉದಾಹರಣೆಗೆ ನಾವು ಸ್ಪೈಡರ್ ಮ್ಯಾನನ್ನೇ ಆರಿಸಿಕೊಂಡಿದ್ದೇವೆ. ಏಕೆಂದರೆ ಇಷ್ಟೊಂದು 'ಬೇರೆ ಬೇರೆ ಲೋಕದ ರೂಪಗಳು' ಇಷ್ಟು ಜನಪ್ರಿಯವಾಗಿರುವ ಇನ್ನೊಬ್ಬ ಸೂಪರ್ ಹೀರೋ ಸಿಗುವುದು ಕಷ್ಟ. ಲೇಖನದ ಕೊನೆಗೆ ಮಕ್ಕಳ ಸುರಕ್ಷತೆಯ ಮಾತೂ ಇದೆ. ದಯವಿಟ್ಟು ಅಲ್ಲಿಯವರೆಗೂ ಓದಿ.

ಮೊದಲ ಸ್ಪೈಡರ್ ಮ್ಯಾನ್ ಯಾರು?

1962ರಲ್ಲಿ ಅಮೆರಿಕದ ಮಾರ್ವೆಲ್ ಸಂಸ್ಥೆಯ 'ಅಮೇಜಿಂಗ್ ಫ್ಯಾಂಟಸಿ' ಎಂಬ ಕಾಮಿಕ್ಸ್‌ನ 15ನೇ ಸಂಚಿಕೆಯಲ್ಲಿ ಸ್ಪೈಡರ್ ಮ್ಯಾನ್ ಮೊದಲು ಕಾಣಿಸಿಕೊಂಡ. ಬರೆದವರು ಸ್ಟ್ಯಾನ್ ಲೀ, ಚಿತ್ರಿಸಿದವರು ಸ್ಟೀವ್ ಡಿಟ್ಕೋ. ನ್ಯೂಯಾರ್ಕ್‌ನ ಹೈಸ್ಕೂಲ್ ಹುಡುಗ ಪೀಟರ್ ಪಾರ್ಕರ್‌ಗೆ ವಿಕಿರಣ ತಾಗಿದ ಜೇಡವೊಂದು ಕಚ್ಚುತ್ತದೆ. ಜೇಡದ ಶಕ್ತಿ ಬರುತ್ತದೆ. ಮೊದಮೊದಲು ಆ ಶಕ್ತಿಯಿಂದ ದುಡ್ಡು ಮಾಡಲು ಹೊರಡುತ್ತಾನೆ. ತಾನು ಹಿಡಿಯದೆ ಬಿಟ್ಟ ಕಳ್ಳನೇ ತನ್ನನ್ನು ಸಾಕಿದ ಬೆನ್ ಚಿಕ್ಕಪ್ಪನನ್ನು ಕೊಂದಾಗ ಜವಾಬ್ದಾರಿ ಎಂದರೇನೆಂದು ಅರ್ಥವಾಗುತ್ತದೆ.

ಇದೇ ಮೂಲ ಕಥೆ. ಮುಂದೆ ಬಂದ ಹೆಚ್ಚಿನ ರೂಪಗಳೂ ಈ ಮೂಳೆಗೂಡಿನ ಮೇಲೆಯೇ ನಿಂತಿವೆ: ಒಬ್ಬ ಸಾಮಾನ್ಯ ವ್ಯಕ್ತಿ, ಆಕಸ್ಮಿಕವಾಗಿ ಬಂದ ಶಕ್ತಿ, ಹತ್ತಿರದವರೊಬ್ಬರ ಸಾವು, ಆಮೇಲೆ ಹೊತ್ತುಕೊಂಡ ಹೊಣೆ.

ಕಾಮಿಕ್ಸ್‌ಗೆ 'ಬೇರೆ ಭೂಮಿ' ಏಕೆ ಬೇಕಾಯಿತು?

ಇದು ಶುರುವಾಗಿದ್ದು ಪ್ರಕಾಶಕರ ಒಂದು ಪೇಚಾಟದಿಂದ. ಮಾರ್ವೆಲ್‌ನ ಪ್ರತಿಸ್ಪರ್ಧಿ ಡಿಸಿ ಕಾಮಿಕ್ಸ್‌ನಲ್ಲಿ 'ಫ್ಲ್ಯಾಶ್' ಎಂಬ, ಅತಿ ವೇಗವಾಗಿ ಓಡುವ ನಾಯಕನಿದ್ದ. 1940ರ ಫ್ಲ್ಯಾಶ್‌ನ ಹೆಸರು ಜೇ ಗ್ಯಾರಿಕ್. 1956ರಲ್ಲಿ ಅದೇ ಹೆಸರಿನಲ್ಲಿ ಹೊಸ ನಾಯಕ ಬ್ಯಾರಿ ಆಲನ್ ಬಂದ. ಹಾಗಾದರೆ ಹಳಬ ಏನಾದ?

1961ರ ಒಂದು ಸಂಚಿಕೆಯಲ್ಲಿ ಲೇಖಕ ಗಾರ್ಡನರ್ ಫಾಕ್ಸ್ ಇದಕ್ಕೆ ಉತ್ತರ ಕೊಟ್ಟರು. ಎರಡು ಭೂಮಿಗಳಿವೆ. ಒಂದರಲ್ಲಿ ಹಳೆಯ ಫ್ಲ್ಯಾಶ್, ಇನ್ನೊಂದರಲ್ಲಿ ಹೊಸ ಫ್ಲ್ಯಾಶ್. ಇಬ್ಬರೂ ಭೇಟಿಯಾಗುತ್ತಾರೆ. ಓದುಗರಿಗೆ ಇದು ಎಷ್ಟು ಹಿಡಿಸಿತೆಂದರೆ, ಮುಂದಿನ ವರ್ಷಗಳಲ್ಲಿ ಭೂಮಿಗಳ ಸಂಖ್ಯೆ ಬೆಳೆಯುತ್ತಲೇ ಹೋಯಿತು. ಕಡೆಗೆ ಲೆಕ್ಕವೇ ಸಿಗದಂತಾಗಿ, 1985-86ರಲ್ಲಿ 'ಕ್ರೈಸಿಸ್ ಆನ್ ಇನ್‌ಫಿನಿಟ್ ಅರ್ತ್ಸ್' ಎಂಬ 12 ಸಂಚಿಕೆಗಳ ಕಥೆಯಲ್ಲಿ ಡಿಸಿ ಸಂಸ್ಥೆ ಎಲ್ಲವನ್ನೂ ಒಂದೇ ಭೂಮಿಗೆ ತಂದು ಕೂಡಿಸಿತು. ಆದರೆ ಓದುಗರ ಆಸೆ ಬಿಡಲಿಲ್ಲ. ನಂತರ ಬಹುವಿಶ್ವ ಮತ್ತೆ ಬಂತು.

ಮಾರ್ವೆಲ್ 1977ರಲ್ಲಿ 'ವಾಟ್ ಇಫ್' ಎಂಬ ಸರಣಿ ಆರಂಭಿಸಿತು. 'ಹೀಗಾಗಿದ್ದರೆ?' ಎಂಬುದೇ ಅದರ ಹೂರಣ. ಮೊದಲ ಸಂಚಿಕೆಯ ವಿಷಯ: ಸ್ಪೈಡರ್ ಮ್ಯಾನ್ ಒಂಟಿಯಾಗಿ ಹೋರಾಡುವ ಬದಲು 'ಫೆಂಟಾಸ್ಟಿಕ್ ಫೋರ್' ತಂಡ ಸೇರಿದ್ದರೆ ಏನಾಗುತ್ತಿತ್ತು?

ಈ '616' ಏನು?

ಮಾರ್ವೆಲ್ ತನ್ನ ಲೋಕಗಳಿಗೆ ಒಂದೊಂದು ನಂಬರ್ ಕೊಡುತ್ತದೆ. ಮನೆಗೆ ಡೋರ್ ನಂಬರ್ ಇದ್ದ ಹಾಗೆ. ಮುಖ್ಯ ಕಾಮಿಕ್ಸ್ ಕಥೆಗಳು ನಡೆಯುವ ಲೋಕ ಅರ್ತ್-616. ಈ ಸಂಖ್ಯೆ ಮೊದಲು ಬಂದದ್ದು 1980ರ ದಶಕದ ಆರಂಭದಲ್ಲಿ, ಬ್ರಿಟನ್ನಿನಲ್ಲಿ ಪ್ರಕಟವಾಗುತ್ತಿದ್ದ 'ಕ್ಯಾಪ್ಟನ್ ಬ್ರಿಟನ್' ಕಥೆಗಳಲ್ಲಿ. ನಮ್ಮ ಲೋಕಕ್ಕೆ 1 ಎಂದು ಕೊಡದೆ 616 ಎಂದು ಕೊಟ್ಟರೆ, ಲೆಕ್ಕವಿಲ್ಲದ ಲೋಕಗಳಲ್ಲಿ ಇದೂ ಒಂದು ಎಂಬ ಭಾವನೆ ಬರುತ್ತದಲ್ಲ!

ಗೊಂದಲ ಬೇಡ: ಕಾಮಿಕ್ಸ್ ಪುಸ್ತಕಗಳು ಸಿನಿಮಾ ಲೋಕಕ್ಕೆ 199999 ಎಂಬ ಸಂಖ್ಯೆ ಕೊಟ್ಟಿದ್ದವು. ಆದರೆ 2022ರ ಡಾಕ್ಟರ್ ಸ್ಟ್ರೇಂಜ್ ಸಿನಿಮಾದಲ್ಲಿ ಆ ಸಿನಿಮಾ ಲೋಕವನ್ನೇ 616 ಎಂದು ಕರೆಯಲಾಗುತ್ತದೆ. ಅಭಿಮಾನಿಗಳು ಇಂದಿಗೂ ಇದರ ಬಗ್ಗೆ ಜಗಳವಾಡುತ್ತಾರೆ. ಇದರಲ್ಲಿ ಯಾವ ಗುಪ್ತ ಸಂಕೇತವೂ ಇಲ್ಲ. ಬರೆಯುವವರು ಬೇರೆ ಬೇರೆ, ಲೆಕ್ಕವೂ ಬೇರೆ ಬೇರೆ, ಅಷ್ಟೆ.

ನೀವು ತಿಳಿದಿರಬೇಕಾದ ಸ್ಪೈಡರ್ ಮ್ಯಾನ್ ರೂಪಗಳು

1. ಜಪಾನಿನ ಸ್ಪೈಡರ್ ಮ್ಯಾನ್: 1978ರಲ್ಲಿ ತೋಯೆ ಸಂಸ್ಥೆ ಟಿವಿಗಾಗಿ ಮಾಡಿದ ಸರಣಿ. ಇಲ್ಲಿ ಪೀಟರ್ ಪಾರ್ಕರ್ ಇಲ್ಲವೇ ಇಲ್ಲ. ನಾಯಕನ ಹೆಸರು ತಕುಯಾ ಯಮಾಶಿರೋ. ಇವನ ಬಳಿ ಲಿಯೋಪಾರ್ಡನ್ ಎಂಬ ದೈತ್ಯ ರೋಬೋ ಇದೆ. ದಶಕಗಳ ನಂತರ ಮಾರ್ವೆಲ್ ಕಾಮಿಕ್ಸ್ ಇವನನ್ನೂ ತನ್ನ ಬಹುವಿಶ್ವದೊಳಗೆ ಸೇರಿಸಿಕೊಂಡಿತು.

2. ಸ್ಪೈಡರ್ ಹ್ಯಾಮ್: 1983ರಲ್ಲಿ ಬಂದ ಹಂದಿ. ಹೆಸರು ಪೀಟರ್ ಪೋರ್ಕರ್. ತಮಾಷೆ ಎಂದರೆ ಇವನು ಮೊದಲು ಜೇಡನೇ ಆಗಿದ್ದ. ವಿಕಿರಣ ತಾಗಿದ ಹಂದಿ ಕಚ್ಚಿ ಹಂದಿಯಾದ!

3. ಸ್ಪೈಡರ್ ಮ್ಯಾನ್ 2099: 1992ರಲ್ಲಿ ಪೀಟರ್ ಡೇವಿಡ್ ಮತ್ತು ರಿಕ್ ಲಿಯೊನಾರ್ಡಿ ಸೃಷ್ಟಿಸಿದ ಮಿಗೆಲ್ ಒಹಾರಾ. ದೊಡ್ಡ ಕಂಪನಿಗಳೇ ಊರನ್ನು ಆಳುವ ಭವಿಷ್ಯದ ನ್ಯೂಯಾರ್ಕ್‌ನಲ್ಲಿ ಇವನೊಬ್ಬ ತಳಿ ವಿಜ್ಞಾನಿ.

4. ಸ್ಪೈಡರ್ ಮ್ಯಾನ್ ನಾಯರ್: 1930ರ ದಶಕದ ಅಮೆರಿಕ. ಮಹಾ ಆರ್ಥಿಕ ಕುಸಿತದ ಕಾಲ, ಕೆಲಸವಿಲ್ಲದ ಜನ, ಗೂಂಡಾಗಳ ಆಳ್ವಿಕೆ. ಅಲ್ಲಿ ಕಪ್ಪು ಕೋಟು, ಕಪ್ಪು ಮುಸುಕು ತೊಟ್ಟ ಪೀಟರ್. 2009ರ ಆಸುಪಾಸಿನಲ್ಲಿ ಬಂದ ರೂಪ.

5. ಮೈಲ್ಸ್ ಮೊರಾಲೆಸ್: 2000ದಲ್ಲಿ ಮಾರ್ವೆಲ್ ಹೊಸ ಓದುಗರಿಗಾಗಿ 'ಅಲ್ಟಿಮೇಟ್' ಎಂಬ ಪ್ರತ್ಯೇಕ ಲೋಕ ಶುರು ಮಾಡಿತು. ಅದರ ಸಂಖ್ಯೆ 1610. 2011ರಲ್ಲಿ ಆ ಲೋಕದ ಪೀಟರ್ ಪಾರ್ಕರ್ ಸಾಯುತ್ತಾನೆ. ಅವನ ಜಾಗಕ್ಕೆ ಬಂದವನು ಕಪ್ಪು ಜನಾಂಗದ ತಂದೆ, ಪೋರ್ಟೊರಿಕೊ ಮೂಲದ ತಾಯಿಯ ಮಗ ಮೈಲ್ಸ್. ಲೇಖಕ ಬ್ರಯಾನ್ ಮೈಕಲ್ ಬೆಂಡಿಸ್, ಚಿತ್ರ ಸಾರಾ ಪಿಕೆಲ್ಲಿ. ಇಂದು ಇವನು ಪೀಟರ್‌ನಷ್ಟೇ ಹೆಸರುವಾಸಿ.

6. ಸ್ಪೈಡರ್ ಗ್ವೆನ್: ಮೂಲ ಕಥೆಯಲ್ಲಿ ಪೀಟರ್‌ನ ಪ್ರೇಯಸಿ ಗ್ವೆನ್ ಸ್ಟೇಸಿ 1973ರ ಸಂಚಿಕೆಯಲ್ಲಿ ಸಾಯುತ್ತಾಳೆ. ಕಾಮಿಕ್ಸ್ ಚರಿತ್ರೆಯಲ್ಲೇ ಓದುಗರನ್ನು ತುಂಬಾ ಕಲಕಿದ ಸಾವು ಅದು. 2014ರಲ್ಲಿ ಜೇಸನ್ ಲಟೂರ್ ಮತ್ತು ರಾಬಿ ರಾಡ್ರಿಗಸ್ ಇದನ್ನು ತಿರುಗಿಸಿದರು. ಅರ್ತ್-65ರಲ್ಲಿ ಜೇಡ ಕಚ್ಚಿದ್ದು ಗ್ವೆನ್‌ಗೆ, ಸತ್ತದ್ದು ಪೀಟರ್.

ಇವರೆಲ್ಲರನ್ನೂ ಒಂದೇ ಕಥೆಗೆ ಎಳೆದು ತಂದದ್ದು 2014ರಲ್ಲಿ ಆರಂಭವಾದ, ಡ್ಯಾನ್ ಸ್ಲಾಟ್ ಬರೆದ 'ಸ್ಪೈಡರ್ ವರ್ಸ್' ಕಾಮಿಕ್ಸ್. ಅದೇ ಕಲ್ಪನೆಯ 2018ರ ಅನಿಮೇಷನ್ ಸಿನಿಮಾ 'ಇನ್‌ಟು ದ ಸ್ಪೈಡರ್ ವರ್ಸ್' ಆಸ್ಕರ್ ಗೆದ್ದಿತು. 2021ರ 'ನೋ ವೇ ಹೋಮ್'ನಲ್ಲಿ ಟೋಬಿ ಮ್ಯಾಗ್ವಾಯರ್, ಆಂಡ್ರ್ಯೂ ಗಾರ್ಫೀಲ್ಡ್, ಟಾಮ್ ಹಾಲೆಂಡ್ ಮೂವರೂ ಒಟ್ಟಿಗೆ ಪರದೆಗೆ ಬಂದಾಗ ಚಿತ್ರಮಂದಿರಗಳಲ್ಲಿ ಶಿಳ್ಳೆ ಬಿದ್ದದ್ದು ನಿಮಗೂ ನೆನಪಿರಬಹುದು.

ನಮ್ಮ ಪವಿತ್ರ್ ಪ್ರಭಾಕರ್

ಪೀಟರ್ ಪಾರ್ಕರ್ ಎಂಬ ಹೆಸರನ್ನು ಭಾರತೀಯ ನಾಲಗೆಗೆ ಹೊಂದಿಸಿದರೆ ಪವಿತ್ರ್ ಪ್ರಭಾಕರ್! 2004ರಲ್ಲಿ ಶರದ್ ದೇವರಾಜನ್, ಸುರೇಶ್ ಸೀತಾರಾಮನ್ ಮತ್ತು ಚಿತ್ರಕಾರ ಜೀವನ್ ಕಾಂಗ್ ಸೇರಿ ಮಾರ್ವೆಲ್ ಅನುಮತಿಯೊಂದಿಗೆ 'ಸ್ಪೈಡರ್ ಮ್ಯಾನ್: ಇಂಡಿಯಾ' ಎಂಬ ನಾಲ್ಕು ಸಂಚಿಕೆಗಳನ್ನು ತಂದರು. ಹಳ್ಳಿಯಿಂದ ಸ್ಕಾಲರ್‌ಶಿಪ್ ಪಡೆದು ಮುಂಬೈಗೆ ಓದಲು ಬಂದ ಬಡ ಹುಡುಗ. ಧೋತಿ ಉಟ್ಟೇ ಕಟ್ಟಡದಿಂದ ಕಟ್ಟಡಕ್ಕೆ ಹಾರುತ್ತಾನೆ. ಬೆನ್ ಚಿಕ್ಕಪ್ಪನ ಜಾಗದಲ್ಲಿ ಭೀಮ್, ಮೇ ಚಿಕ್ಕಮ್ಮನ ಜಾಗದಲ್ಲಿ ಮಾಯಾ. ಖಳನಾಯಕ ನಾರ್ಮನ್ ಆಸ್ಬಾರ್ನ್ ಇಲ್ಲಿ ನಳಿನ್ ಒಬೆರಾಯ್, ಅವನು ರಾಕ್ಷಸನಾಗುತ್ತಾನೆ. ಪವಿತ್ರ್‌ಗೆ ಶಕ್ತಿ ಕೊಟ್ಟದ್ದು ಜೇಡವಲ್ಲ, ಒಬ್ಬ ಯೋಗಿ.

2023ರ 'ಅಕ್ರಾಸ್ ದ ಸ್ಪೈಡರ್ ವರ್ಸ್' ಸಿನಿಮಾದಲ್ಲಿ ಇವನು ಮುಂಬಾಟನ್ ಎಂಬ ಊರಿನ ಹೀರೋ. ಮುಂಬೈ ಮತ್ತು ಮ್ಯಾನ್‌ಹಟನ್ ಸೇರಿಸಿ ಮಾಡಿದ ಹೆಸರದು. ಭಾರತದಲ್ಲಿ ಈ ಸಿನಿಮಾ ಕನ್ನಡವೂ ಸೇರಿ ಹತ್ತು ಭಾಷೆಗಳಲ್ಲಿ ಬಿಡುಗಡೆಯಾಯಿತು. ಹಿಂದಿ ಮತ್ತು ಪಂಜಾಬಿಯಲ್ಲಿ ಪವಿತ್ರ್‌ಗೆ ದನಿ ಕೊಟ್ಟವರು ಕ್ರಿಕೆಟಿಗ ಶುಭಮನ್ ಗಿಲ್.

ಇಲ್ಲೊಂದು ಗಮನಿಸಬೇಕಾದ ಸಂಗತಿ ಇದೆ. 1962ರಲ್ಲಿ ಶಕ್ತಿ ಕೊಟ್ಟದ್ದು ವಿಕಿರಣ. ಅದು ಅಣುಬಾಂಬಿನ ಭಯದ ಕಾಲ. 2000ದ 'ಅಲ್ಟಿಮೇಟ್' ಕಥೆಯಲ್ಲಿ, 2002ರ ಸಿನಿಮಾದಲ್ಲಿ ಅದೇ ಜೇಡ ವಂಶವಾಹಿ ತಿದ್ದಿದ ಜೇಡವಾಯಿತು. ಆಗ ಎಲ್ಲರ ಬಾಯಲ್ಲೂ ಜೀನ್ ತಂತ್ರಜ್ಞಾನದ ಮಾತು. ಭಾರತದ ರೂಪಕ್ಕೆ ಬಂದಾಗ ಯೋಗಿ ಬಂದ. ಅಂದರೆ ಇದು ವಿಜ್ಞಾನದ ಹೇಳಿಕೆಯೇ ಅಲ್ಲ. ಆಯಾ ಕಾಲಕ್ಕೆ, ಆಯಾ ದೇಶಕ್ಕೆ ಯಾವುದು ಬೆರಗು ಹುಟ್ಟಿಸುತ್ತದೋ ಅದೇ ಸ್ಪೈಡರ್ ಮ್ಯಾನ್‌ಗೆ ಶಕ್ತಿ ಕೊಡುತ್ತದೆ.

ಒಂದೇ ಕಥೆಯ ಹಲವು ರೂಪ ನಮಗೇನು ಹೊಸದೇ?

ಖಂಡಿತ ಅಲ್ಲ. ನಾಗಚಂದ್ರನ ಜೈನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ಪಂಪನ ಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಇನ್ನೂ ಸ್ವಾರಸ್ಯ ಬೇಕೆ? ಅಧ್ಯಾತ್ಮ ರಾಮಾಯಣದಲ್ಲಿ ಕಾಡಿಗೆ ಬರಬೇಡ ಎನ್ನುವ ರಾಮನೊಂದಿಗೆ ಸೀತೆ ವಾದಿಸುತ್ತಾಳೆ: ಎಷ್ಟೋ ರಾಮಾಯಣಗಳನ್ನು ಕೇಳಿದ್ದೇವೆ, ಸೀತೆಯಿಲ್ಲದೆ ರಾಮ ಕಾಡಿಗೆ ಹೋದದ್ದು ಯಾವುದರಲ್ಲಾದರೂ ಇದೆಯೇ ಎಂದು.

'ಅಕ್ರಾಸ್ ದ ಸ್ಪೈಡರ್ ವರ್ಸ್' ನೋಡಿದವರಿಗೆ ಇದು ತಟ್ಟನೆ ಹೊಳೆಯಬೇಕು. ಅಲ್ಲಿ ಮಿಗೆಲ್ ಹೇಳುವುದೂ ಇದನ್ನೇ: ಪ್ರತಿ ಲೋಕದ ಸ್ಪೈಡರ್ ಮ್ಯಾನ್ ಕಥೆಯಲ್ಲೂ ಕೆಲವು ಘಟನೆಗಳು ನಡೆಯಲೇಬೇಕು, ತಪ್ಪಿಸಿದರೆ ಆ ಲೋಕವೇ ನಾಶ. ಮೈಲ್ಸ್ ಒಪ್ಪುವುದಿಲ್ಲ. ತನ್ನ ಅಪ್ಪ ಸಾಯಬೇಕೆಂದು ಎಲ್ಲಿ ಬರೆದಿದೆ ಎಂಬುದು ಅವನ ಪ್ರಶ್ನೆ. ಸೀತೆ ಹಳೆಯ ಕಥೆಗಳನ್ನೇ ಸಾಕ್ಷಿ ಮಾಡಿಕೊಂಡು ತನಗೆ ಬೇಕಾದ್ದನ್ನು ಪಡೆಯುತ್ತಾಳೆ, ಮೈಲ್ಸ್ ಹಳೆಯ ಕಥೆಗಳ ವಿರುದ್ಧ ನಿಲ್ಲುತ್ತಾನೆ.

ಆದರೆ ಎಚ್ಚರ! ನಮ್ಮ ಪುರಾಣಗಳಲ್ಲಿ ಅನೇಕ ಬ್ರಹ್ಮಾಂಡಗಳ ಮಾತಿದೆ, ಯೋಗವಾಸಿಷ್ಠದ ಲೀಲೆಯ ಕಥೆಯಲ್ಲಿ ಲೋಕದೊಳಗೆ ಲೋಕವಿದೆ. ಇವು ಅದ್ಭುತ ಕಲ್ಪನೆಗಳು, ಆಳವಾದ ತತ್ತ್ವ ಚಿಂತನೆ. ಇದನ್ನೇ ಹಿಡಿದು 'ಮಲ್ಟಿವರ್ಸ್ ಅನ್ನು ನಮ್ಮವರು ಆಗಲೇ ಸಾಬೀತು ಮಾಡಿದ್ದರು' ಎಂದು ಫಾರ್ವರ್ಡ್ ಮಾಡುವುದು ಸರಿಯಲ್ಲ. ಏಕೆಂದರೆ ಮಲ್ಟಿವರ್ಸ್ ಅನ್ನು ಇಂದಿನವರೆಗೆ ಯಾರೂ ಸಾಬೀತು ಮಾಡಿಲ್ಲ.

ಹಾಗಾದರೆ ವಿಜ್ಞಾನ ಏನು ಹೇಳುತ್ತದೆ?

1957ರಲ್ಲಿ ಅಮೆರಿಕದ ಹ್ಯೂ ಎವರೆಟ್ ಎಂಬ ಯುವ ಭೌತವಿಜ್ಞಾನಿ ಒಂದು ಸಿದ್ಧಾಂತ ಮಂಡಿಸಿದರು. ಎಲೆಕ್ಟ್ರಾನ್‌ನಂಥ ಅತಿ ಸೂಕ್ಷ್ಮ ಕಣಗಳ ಲೋಕದಲ್ಲಿ ಒಂದು ಪ್ರಯೋಗಕ್ಕೆ ಹಲವು ಫಲಿತಾಂಶಗಳು ಸಾಧ್ಯ. ನಾವು ನೋಡುವುದು ಒಂದನ್ನು ಮಾತ್ರ. ಉಳಿದವು ಎಲ್ಲಿ ಹೋದವು? ಎವರೆಟ್ ಪ್ರಕಾರ ಅವೂ ನಡೆಯುತ್ತವೆ, ಆದರೆ ನಮ್ಮಿಂದ ಬೇರೆಯಾದ ಕವಲುಗಳಲ್ಲಿ. ಇದಕ್ಕೆ ಮುಂದೆ 'ಹಲವು ಲೋಕಗಳ ವ್ಯಾಖ್ಯಾನ' ಎಂಬ ಹೆಸರು ಬಂತು. ಇನ್ನು ಕೆಲವು ಖಗೋಳ ವಿಜ್ಞಾನಿಗಳು, ವಿಶ್ವ ಹುಟ್ಟಿದ ಕ್ಷಣದ ಮಹಾ ಹಿಗ್ಗುವಿಕೆಯಿಂದ ನಮ್ಮಂಥ ಬೇರೆ ವಿಶ್ವಗಳೂ ಹುಟ್ಟಿರಬಹುದು ಎನ್ನುತ್ತಾರೆ.

ಇಲ್ಲಿ ನೆನಪಿಡಬೇಕಾದ ವಿಷಯಗಳು ಮೂರು.

- ಇವು ಗಂಭೀರ ವಿಚಾರಗಳೇ ಹೌದು, ಆದರೆ ಸಾಕ್ಷ್ಯ ಸಿಕ್ಕಿಲ್ಲ. ಒಪ್ಪುವ ವಿಜ್ಞಾನಿಗಳೂ ಇದ್ದಾರೆ, ಒಪ್ಪದವರೂ ಇದ್ದಾರೆ.
- ಎವರೆಟ್‌ನ ಕವಲುಗಳ ನಡುವೆ ಓಡಾಡಲು, ಮಾತಾಡಲು ದಾರಿಯಿಲ್ಲ. ಸಿನಿಮಾದಲ್ಲಿ ಬರುವಂಥ ಬಾಗಿಲು ಆ ಸಿದ್ಧಾಂತದಲ್ಲಿ ಇಲ್ಲ.
- ಅಲ್ಲಿ 'ಏನು ಬೇಕಾದರೂ ನಡೆಯುತ್ತದೆ' ಎಂದಿಲ್ಲ. ಭೌತ ನಿಯಮಗಳು ಒಪ್ಪುವುದು ಮಾತ್ರ ನಡೆಯಬಹುದು. ಜೇಡ ಕಚ್ಚಿ ಸೂಪರ್ ಹೀರೋ ಆಗುವುದಕ್ಕೆ ಯಾವ ಕವಲಿನಲ್ಲೂ ಖಾತರಿಯಿಲ್ಲ.

ಆ ನಾಸಾ ಫಾರ್ವರ್ಡ್ ನಿಜವೇ?

ಸುಳ್ಳು. ಆದರೆ ಅದರ ಹಿಂದೆ ಒಂದು ನಿಜ ಪ್ರಯೋಗವಿದೆ. ಅಂಟಾರ್ಕ್ಟಿಕಾದ ಮೇಲೆ ದೊಡ್ಡ ಬಲೂನಿನಲ್ಲಿ ಆಂಟೆನಾಗಳನ್ನು ಹಾರಿಸಿ, ಬಾಹ್ಯಾಕಾಶದಿಂದ ಬರುವ ನ್ಯೂಟ್ರಿನೊ ಎಂಬ ಕಣಗಳನ್ನು ಹುಡುಕುವ 'ಅನಿಟಾ' ಯೋಜನೆಗೆ ನಾಸಾ ನೆರವು ನೀಡಿತ್ತು. ಅದಕ್ಕೆ ಹಿಮದ ಕೆಳಗಿನಿಂದ ಮೇಲಕ್ಕೆ ಬಂದಂತೆ ತೋರುವ ಕೆಲವು ವಿಚಿತ್ರ ರೇಡಿಯೊ ಸಂಕೇತಗಳು ಸಿಕ್ಕವು. ಕಾರಣ ಥಟ್ಟನೆ ಗೊತ್ತಾಗಲಿಲ್ಲ. ವಿಜ್ಞಾನಿಗಳು ಹಲವು ಸಾಧ್ಯತೆಗಳನ್ನು ಚರ್ಚಿಸಿದರು. 2020ರ ಮೇ ತಿಂಗಳಲ್ಲಿ ಕೆಲವು ವಿದೇಶಿ ಪತ್ರಿಕೆಗಳು ಆ ಚರ್ಚೆಯ ಒಂದು ಎಳೆಯನ್ನು ಹಿಡಿದು 'ಸಮಾನಾಂತರ ವಿಶ್ವ ಪತ್ತೆ' ಎಂದು ಬರೆದುಬಿಟ್ಟವು. ಹಿಮದೊಳಗಿನ ಪದರಗಳಿಗೆ ಬಡಿದು ಬಂದ ಪ್ರತಿಫಲನವೂ ಕಾರಣವಾಗಿರಬಹುದು ಎಂದು ನಂತರದ ಸಂಶೋಧನೆ ಸೂಚಿಸಿತು. 'ಗೊತ್ತಾಗಿಲ್ಲ' ಎಂಬ ಮಾತು ಫಾರ್ವರ್ಡ್ ಆಗುವಷ್ಟರಲ್ಲಿ 'ಸಿಕ್ಕಿಬಿಟ್ಟಿದೆ' ಎಂದಾಗಿತ್ತು.

ಇದೇ ಜಾಡಿನಲ್ಲಿ 'ಕ್ವಾಂಟಮ್ ಜಂಪಿಂಗ್' ಎಂಬ ವೀಡಿಯೊಗಳೂ ಓಡಾಡುತ್ತವೆ. ಧ್ಯಾನ ಮಾಡಿ ಬೇರೆ ವಿಶ್ವದ ಶ್ರೀಮಂತ 'ನಿಮ್ಮೊಳಗೆ' ಜಿಗಿಯಬಹುದು, ತೀರಿಕೊಂಡವರು ಬದುಕಿರುವ ಲೋಕಕ್ಕೆ ಹೋಗಬಹುದು ಎಂಬ ಆಸೆ ತೋರಿಸುತ್ತವೆ. ಇದಕ್ಕೆ ಭೌತವಿಜ್ಞಾನದ ಯಾವ ಆಧಾರವೂ ಇಲ್ಲ. ಧ್ಯಾನದಿಂದ ಮನಸ್ಸಿಗೆ ನೆಮ್ಮದಿ ಸಿಗಬಹುದು, ಅದು ಬೇರೆ ಮಾತು. ಆದರೆ ಅಪ್ಪನನ್ನೋ ಮಗುವನ್ನೋ ಕಳೆದುಕೊಂಡು ದುಃಖದಲ್ಲಿರುವವರು ಇಂಥದ್ದಕ್ಕೆ ಹಣ ಕಟ್ಟುವುದನ್ನು ಕಂಡರೆ ದಯವಿಟ್ಟು ಪಕ್ಕದಲ್ಲಿ ಕೂತು ತಿಳಿಹೇಳಿ.

ಜೇಡ ಕಚ್ಚಿದರೆ ನಿಜಕ್ಕೂ ಏನಾಗುತ್ತದೆ?

ಇದು ಪ್ರತಿ ಪೋಷಕರೂ ಓದಬೇಕಾದ ಭಾಗ. 2020ರ ಮೇ ತಿಂಗಳಲ್ಲಿ ಬೊಲಿವಿಯಾ ದೇಶದಲ್ಲಿ 8, 10 ಮತ್ತು 12 ವರ್ಷದ ಮೂವರು ಅಣ್ಣತಮ್ಮಂದಿರು ಸ್ಪೈಡರ್ ಮ್ಯಾನ್ ಆಗುವ ಆಸೆಯಿಂದ 'ಬ್ಲ್ಯಾಕ್ ವಿಡೋ' ಎಂಬ ವಿಷದ ಜೇಡವನ್ನು ಕೆಣಕಿ ಕಚ್ಚಿಸಿಕೊಂಡರು. ಜ್ವರ, ಮೈ ನಡುಕ, ಸ್ನಾಯು ನೋವು ಶುರುವಾಯಿತು. ಅದೃಷ್ಟವಶಾತ್ ಆಸ್ಪತ್ರೆಯಲ್ಲಿ ಕೆಲ ದಿನಗಳ ಚಿಕಿತ್ಸೆಯಿಂದ ಮೂವರೂ ಗುಣಮುಖರಾದರು.

ಜೇಡದ ವಿಷ ನಮ್ಮ ಡಿಎನ್‌ಎಯನ್ನು ಬದಲಿಸುವುದಿಲ್ಲ. ವಿಕಿರಣ ಡಿಎನ್‌ಎಯನ್ನು ಬದಲಿಸಬಲ್ಲದು, ಆದರೆ ಹಾಳು ಮಾಡುವ ರೀತಿಯಲ್ಲಿ. ಅದರಿಂದ ಬರುವುದು ಕ್ಯಾನ್ಸರ್‌ನಂಥ ಕಾಯಿಲೆಯ ಅಪಾಯವೇ ಹೊರತು ಶಕ್ತಿಯಲ್ಲ. ಗೋಡೆ ಹತ್ತುವ ಮಾತಿಗೆ ಬಂದರೆ, ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2016ರಲ್ಲಿ ಒಂದು ಲೆಕ್ಕ ಹಾಕಿದರು. ಹಲ್ಲಿಯ ಹಾಗೆ ಮನುಷ್ಯ ಗೋಡೆಗೆ ಅಂಟಿಕೊಳ್ಳಬೇಕಾದರೆ ಮೈಯ ಸುಮಾರು ಶೇ. 40 ಭಾಗ ಅಂಟುವ ಪಾದವೇ ಆಗಿರಬೇಕಂತೆ! ಪ್ರಾಣಿ ದೊಡ್ಡದಾದಂತೆ ತೂಕ ಬೇಗ ಹೆಚ್ಚುತ್ತದೆ, ಮೈಯ ಹೊರಮೈ ಅಷ್ಟು ಬೇಗ ಹೆಚ್ಚುವುದಿಲ್ಲ. ಅದೇ ಕಾರಣ.

ಮಗುವಿಗೆ ಜೇಡ ಕಚ್ಚಿದರೆ ಹೀಗೆ ಮಾಡಿ:

- ಗಾಬರಿ ಬೇಡ. ಹೆಚ್ಚಿನ ಜೇಡಗಳು ಮನುಷ್ಯರಿಗೆ ಅಪಾಯಕಾರಿಯಲ್ಲ.
- ಕಚ್ಚಿದ ಜಾಗವನ್ನು ಸೋಪು ನೀರಿನಿಂದ ತೊಳೆಯಿರಿ. ತಣ್ಣನೆಯ ಬಟ್ಟೆ ಇಡಿ.
- ಗಾಯ ಕೊಯ್ಯುವುದು, ಬಾಯಿಂದ ವಿಷ ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡವೇ ಬೇಡ.
- ಉಸಿರಾಟದ ತೊಂದರೆ, ವಿಪರೀತ ನೋವು, ಸ್ನಾಯು ಸೆಳೆತ, ಜ್ವರ ಕಂಡರೆ ಅಥವಾ ಊತ ಹೆಚ್ಚುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮಗುವಿಗೆ ಏನು ಉತ್ತರ ಕೊಡುವುದು?

'ಬೇರೆ ಭೂಮಿಯಲ್ಲಿ ಇನ್ನೊಬ್ಬ ನಾನು ಇದ್ದೀನಾ?' ಎಂದರೆ, 'ಇರಬಹುದೇ ಎಂದು ವಿಜ್ಞಾನಿಗಳು ಯೋಚಿಸುತ್ತಿದ್ದಾರೆ, ಆದರೆ ಇದುವರೆಗೆ ಯಾರೂ ಕಂಡಿಲ್ಲ' ಎನ್ನಿ. ಅದು ಪ್ರಾಮಾಣಿಕ ಉತ್ತರ. ಜೊತೆಗೆ ಇದನ್ನೂ ಹೇಳಿ: ಪೀಟರ್, ಮೈಲ್ಸ್, ಗ್ವೆನ್, ಪವಿತ್ರ್ ಇವರೆಲ್ಲರ ಲೋಕ ಬೇರೆ, ಬಟ್ಟೆ ಬೇರೆ. ಆದರೆ ಕಷ್ಟದಲ್ಲಿರುವವರನ್ನು ಬಿಟ್ಟು ಓಡುವುದಿಲ್ಲ ಎಂಬುದು ಎಲ್ಲರಲ್ಲೂ ಒಂದೇ. ಅದನ್ನು ಕಲಿಯಲು ಜೇಡ ಕಚ್ಚಬೇಕಿಲ್ಲ.

ಇನ್ನು ದೊಡ್ಡವರಿಗೆ ಒಂದು ಮಾತು. ಮುಂದಿನ ಸಲ 'ನಾಸಾ ಪತ್ತೆ ಮಾಡಿದೆ' ಎಂಬ ಸಂದೇಶ ಬಂದಾಗ ಫಾರ್ವರ್ಡ್ ಒತ್ತುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ: ಯಾವಾಗ ಪತ್ತೆಯಾಯಿತು? ಯಾರು ಪತ್ತೆ ಮಾಡಿದರು? ನಾಸಾದ ಸ್ವಂತ ಜಾಲತಾಣದಲ್ಲಿ ಇದು ಇದೆಯೇ? ಉತ್ತರ ಸಿಗದಿದ್ದರೆ ಆ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ. ಮನೆಯವರ ಗುಂಪಿನಲ್ಲಿ ಅದು ಆಗಲೇ ಓಡಾಡಿದ್ದರೆ, ಬಯ್ಯದೆ, ನಗದೆ, ಮೇಲಿನ ಅನಿಟಾ ಕಥೆಯನ್ನು ನಾಲ್ಕು ಸಾಲಿನಲ್ಲಿ ಹೇಳಿ.